ಆಟ ಆಡುವ ವಿದ್ಯೆಯಲ್ಲ, ಆಟ ಕಟ್ಟುವ ವಿದ್ಯೆ

(ಮೊಮ್ಮಗಳ ಉಚ್ಚ ಶಿಕ್ಷಣದ ನಿಮಿತ್ತ ಅಜ್ಜನೊಬ್ಬ ಕಲಿತ ಪಾಠ)



ನಾನು ಬಟ್ಟೆ ವ್ಯಾಪಾರಿ. ಅಕ್ಕಲಕೋಟದ ಪೇಟೆಯಲ್ಲಿ ನಮ್ಮ ಅಂಗಡಿಗೆ ಮೂರು ತಲೆಮಾರಾಯಿತು. ನನ್ನ ಓದು ಮೆಟ್ರಿಕ್‌ವರೆಗೆ ಮಾತ್ರ. ಗಜಕೋಲು ಮತ್ತು ಕಿರ್ದಿ-ಖತಾವಣಿ, ಇವುಗಳ ಆಚೆಗೆ ನನ್ನ ವಿದ್ಯೆ ಹೋಗಲಿಲ್ಲ. ಅಂಥವನು ವಿಡಿಯೋ ಗೇಮಿನ ವಿಷಯವಾಗಿ ಲೇಖನ ಬರೆಯಲು ಕುಳಿತದ್ದನ್ನು ಕಂಡು ನಮ್ಮ ಮನೆಯವರೇ ನಗುತ್ತಿದ್ದಾರೆ. ಆದರೆ ಈ ವರ್ಷ ನಮ್ಮ ಮನೆಗೆ ಬಂದ ಪ್ರಶ್ನೆ ಮುಂದಿನ ವರ್ಷ ನಿಮ್ಮ ಮನೆಗೂ ಬಂದೀತು. ಆಗ ನಾನು ದುಡುಕಿದಂತೆ ನೀವು ದುಡುಕಬಾರದೆಂದು ಇದನ್ನು ಬರೆಯುತ್ತಿದ್ದೇನೆ.

2025ರ ದೀಪಾವಳಿಯ ಮಾತು. ಬೆಳಿಗ್ಗೆ ಬಸದಿಯಲ್ಲಿ ನಿರ್ವಾಣ ಲಾಡು ಅರ್ಪಿಸಿ ಬಂದಿದ್ದೆವು. ಸಂಜೆ ಅಂಗಡಿಯಲ್ಲಿ ವಹಿಪೂಜೆ ಮುಗಿದು ಎಲ್ಲರೂ ಒಟ್ಟಿಗೆ ಕುಳಿತಿದ್ದಾಗ ಮೊಮ್ಮಗಳು ಮಾತು ತೆಗೆದಳು. ಅವಳು ಸೊಲ್ಲಾಪುರದಲ್ಲಿ ಕಂಪ್ಯೂಟರ್ ವಿಷಯದಲ್ಲಿ ಬಿ.ಇ. ಮುಗಿಸಿದ್ದಾಳೆ. ಸಾಂಗಲಿ, ಬೆಳಗಾವಿ ಕಡೆಯಿಂದ ಸಂಬಂಧಗಳು ಕೇಳಿ ಬರುತ್ತಿದ್ದ ಕಾಲ.

"ಅಜ್ಜಾ, ನಾ ಇನ್ನೂ ಮುಂದ ಓದಾಕಿ ಅದೀನಿ. ಎಂ.ಡಿಸೈನ್ ಮಾಡ್ತೀನಿ. ಆಟ ತಯಾರ ಮಾಡೋದನ್ನ ಕಲೀತೀನಿ. ಎರಡೂವರೆ ವರ್ಷದ್ದು."

"ಯಾವ ಆಟ ತಂಗಿ?"

"ವಿಡಿಯೋ ಗೇಮ್, ಅಜ್ಜಾ."

ನನಗೆ ಸಿಟ್ಟು ಬಂತು. ಮೊಬೈಲಿನಲ್ಲಿ ನಾನು ಕಂಡ ಆಟಗಳು ಎರಡೇ ಬಗೆಯವು. ಒಂದರಲ್ಲಿ ಹಣ ಕಟ್ಟಿ ಇಸ್ಪೀಟು ಆಡುವುದು, ಇನ್ನೊಂದರಲ್ಲಿ ಬಂದೂಕು ಹಿಡಿದು ಕಂಡವರನ್ನು ಕೊಲ್ಲುವುದು. "ಸಪ್ತವ್ಯಸನದಾಗ ಜೂಜು ಒಂದು, ಬೇಟೆ ಒಂದು. ಎರಡನ್ನೂ ಕಲಿಸೋ ಸಾಲಿಗೆ ನಾ ಫೀ ಕಟ್ಟಬೇಕೇನು?" ಎಂದುಬಿಟ್ಟೆ. ಹುಡುಗಿ ಎದ್ದು ಒಳಗೆ ಹೋದಳು. ನನ್ನ ಮಗ, ಅಂದರೆ ಅವಳ ತಂದೆ, ತಲೆ ತಗ್ಗಿಸಿಕೊಂಡು ಕುಳಿತೇ ಇದ್ದ, ಒಂದು ಮಾತನ್ನೂ ಆಡಲಿಲ್ಲ.

ಅವನು ಮಾತಾಡದೆ ಇದ್ದುದಕ್ಕೆ ಕಾರಣ ನನಗೆ ಗೊತ್ತು. 1998ರಲ್ಲಿ ಹನ್ನೆರಡನೆಯ ಇಯತ್ತೆ ಮುಗಿಸಿ ಅವನು ಚಿತ್ರಕಲೆ ಕಲಿಯಬೇಕೆಂದಿದ್ದ. "ಚಿತ್ರ ಹೊಟ್ಟಿ ತುಂಬಸಂಗಿಲ್ಲ" ಎಂದು ಹೇಳಿ ಅವನನ್ನು ಅಂಗಡಿಯ ಗಾದಿಯ ಮೇಲೆ ಕೂಡಿಸಿದೆ. ಸದ್ಗುಣಿ, ಎದುರು ಮಾತಾಡಲಿಲ್ಲ. ಅಂಗಡಿಯನ್ನೂ ಚೆನ್ನಾಗಿ ನಡೆಸಿದ. ಆದರೆ ಅಂದಿನಿಂದ ಅವನ ಕೈಯಲ್ಲಿ ಚಿತ್ರ ಬಿಡಿಸುವ ಪೆನ್ಸಿಲನ್ನು ನಾನು ಕಾಣಲಿಲ್ಲ.

ಆ ರಾತ್ರಿ ನಮ್ಮ ಮನೆಯಾಕೆ ಹೇಳಿದಳು: "ಮಾಲು ನೋಡದ ದರಾ ಮಾತಾಡಬ್ಯಾಡ್ರಿ ಅಂತ ಗಿರಾಕಿಗೆ ದಿನಾ ಹೇಳ್ತೀರಿ. ಇವತ್ತ ನೀವ ನೋಡದನ ಬ್ಯಾಡ ಅಂದ್ರಿ." ಈ ಮಾತು ನನಗೆ ನಾಟಿತು. ಮರುದಿನದಿಂದ ಅಂಗಡಿ ಮುಚ್ಚಿದ ಮೇಲೆ ಮೊಮ್ಮಗಳ ಹತ್ತಿರ ಕುಳಿತು ಈ ವಿದ್ಯೆ ಯಾವುದೆಂದು ಕೇಳತೊಡಗಿದೆ. ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತೇನೆ.

ಇದು ಯಾವ ವಿದ್ಯೆ?

ಚಾದರ ಹೊದೆಯುವುದು ಬೇರೆ, ಚಾದರ ನೇಯುವುದು ಬೇರೆ. ಆಟ ಆಡುವುದಕ್ಕೂ ಆಟ ಕಟ್ಟುವುದಕ್ಕೂ ಅಷ್ಟೇ ಅಂತರ. ಒಂದು ಆಟ ತಯಾರಾಗಲು ಐದು ಕೆಲಸ ಕೂಡಬೇಕು. ಆಟದ ನಿಯಮಗಳನ್ನು ರಚಿಸುವವರು ಬೇಕು. ಇದನ್ನೇ ಗೇಮ್ ಡಿಸೈನ್ ಎನ್ನುತ್ತಾರೆ. ಆ ನಿಯಮಗಳನ್ನು ಕಂಪ್ಯೂಟರಿಗೆ ತಿಳಿಯುವಂತೆ ಬರೆಯುವ ಪ್ರೋಗ್ರಾಮರ್ ಬೇಕು. ಚಿತ್ರ ಬರೆಯುವವರು, ಧ್ವನಿ-ಸಂಗೀತ ಕೂಡಿಸುವವರು ಬೇಕು. ಇವರೆಲ್ಲರನ್ನೂ ವೇಳೆಗೆ ಸರಿಯಾಗಿ ನಡೆಸುವ ನಿರ್ವಾಹಕರೂ ಬೇಕು. ಯೂನಿಟಿ, ಅನ್‌ರಿಯಲ್ ಎಂಬ ಎರಡು ದೊಡ್ಡ ಸಾಧನಗಳಿವೆ. ಅವು ನೇಕಾರನಿಗೆ ಮಗ್ಗವಿದ್ದಂತೆ. ಮೊದಲನೆಯದಕ್ಕೆ ಸಿ ಶಾರ್ಪ್ ಎಂಬ ಕಂಪ್ಯೂಟರ್ ಭಾಷೆ ಬೇಕು, ಎರಡನೆಯದಕ್ಕೆ ಸಿ ಪ್ಲಸ್ ಪ್ಲಸ್.

ನನಗೆ ಸೋಜಿಗವೆನಿಸಿದ ಸಂಗತಿ ಎಂದರೆ, ಕಲಿಕೆ ಆರಂಭವಾಗುವುದು ಕಂಪ್ಯೂಟರಿನಿಂದಲ್ಲ, ಕಾಗದ, ರಟ್ಟು, ಕವಡೆ, ದಾಳಗಳಿಂದ. ಮೊದಲು ರಟ್ಟಿನ ಮೇಲೆ ಆಟ ಮಾಡಿ ನಾಲ್ಕು ಜನರಿಂದ ಆಡಿಸಬೇಕು. ಅವರು ಆಡುವಾಗ ಆಟ ಮಾಡಿದವರು ಬಾಯಿ ತೆರೆಯಕೂಡದು. ಎಲ್ಲಿ ಬೇಸರಪಟ್ಟರು, ಎಲ್ಲಿ ತಪ್ಪು ತಿಳಿದರು, ಎಲ್ಲಿ ನಕ್ಕರು ಎಂದು ಬರೆದುಕೊಳ್ಳಬೇಕು. ನಂತರ ನಿಯಮ ಬದಲಿಸಿ ಮತ್ತೆ ಆಡಿಸಬೇಕು. ಇದು ನನಗೆ ಕೂಡಲೇ ತಿಳಿಯಿತು. ಹೊಸ ಸೀರೆ ಬಿಚ್ಚಿ ಹಾಕಿದಾಗ ಗಿರಾಕಿಯ ಬಾಯಿ "ಚಂದ ಐತಿ" ಎಂದರೂ ಕೈ ಬೇರೆ ಸೀರೆಯ ಮೇಲಿರುತ್ತದೆ. ಜಾಣ ವ್ಯಾಪಾರಿ ಬಾಯಿ ನೋಡುವುದಿಲ್ಲ, ಕೈ ನೋಡುತ್ತಾನೆ.

ಪದವಿಯಲ್ಲಿ ಸಾಧನಗಳನ್ನು ಕಲಿಸುತ್ತಾರೆ. ಸ್ನಾತಕೋತ್ತರ ಶಿಕ್ಷಣದಲ್ಲಿ ವಿದ್ಯಾರ್ಥಿ ತನ್ನದೇ ಒಂದು ಪ್ರಶ್ನೆಯನ್ನು ಹಿಡಿದು, ತಂಡ ಕಟ್ಟಿಕೊಂಡು, ಆಟ ಮಾಡಿ, ಅದು ಆಡುವವನ ಮನಸ್ಸಿಗೆ ಏನು ಮಾಡಿತು ಎಂಬುದಕ್ಕೆ ಉತ್ತರ ಕೊಡಬೇಕು. ಎರಡಕ್ಕೂ ಮುಖ್ಯ ಭೇದ ಇದೇ.

ಒಂದೇ ಪಟ, ಎರಡು ನಿಯಮ

"ನಿಯಮ ಬದಲಾದ್ರ ಆಡುವವನ ಬುದ್ಧೀನೂ ಬದಲಾಗತೈತಿ ಅಜ್ಜಾ" ಎಂದು ಮೊಮ್ಮಗಳು ಹೇಳಿದಾಗ ನಾನು ನಂಬಲಿಲ್ಲ. ಅವಳು ಒಂದು ಉದಾಹರಣೆ ಕೊಟ್ಟಳು. ನಮ್ಮ ಮಕ್ಕಳು ಸೂಟಿಯಲ್ಲಿ ಆಡುವ 'ವ್ಯಾಪಾರ'ದ ಆಟ ನಿಮಗೆಲ್ಲ ಗೊತ್ತು. ಊರುಗಳನ್ನು ಕೊಳ್ಳುವುದು, ಬಾಡಿಗೆ ವಸೂಲು ಮಾಡುವುದು, ಎದುರಿನವನನ್ನು ದಿವಾಳಿ ಎಬ್ಬಿಸುವುದು. ಇದರ ಮೂಲ ಅಮೇರಿಕದ ಮೊನಾಪಲಿ ಆಟ. ಅದಕ್ಕೂ ಹಿಂದಿನ ಮೂಲ ಎಲಿಜಬೆತ್ ಮ್ಯಾಗಿ ಎಂಬ ಮಹಿಳೆ ಮಾಡಿದ 'ಜಮೀನ್ದಾರನ ಆಟ'. 1904ರಲ್ಲಿ ಆಕೆಗೆ ಅದರ ಪೇಟೆಂಟ್ ದೊರೆಯಿತು. ಭೂಮಿಯೆಲ್ಲ ಒಬ್ಬನ ಕೈ ಸೇರಿದರೆ ಉಳಿದವರ ಗತಿ ಏನಾಗುತ್ತದೆ ಎಂದು ಜನರಿಗೆ ತಿಳಿಸುವುದೇ ಆಕೆಯ ಉದ್ದೇಶವಾಗಿತ್ತು. ಆ ಆಟಕ್ಕೆ ಎರಡು ಬಗೆಯ ನಿಯಮಗಳಿದ್ದವು. ಒಂದರಲ್ಲಿ ಗಳಿಕೆ ಎಲ್ಲರಿಗೂ ಹಂಚಿಕೆಯಾಗುತ್ತಿತ್ತು, ಇನ್ನೊಂದರಲ್ಲಿ ಒಬ್ಬನೇ ಎಲ್ಲವನ್ನೂ ನುಂಗುತ್ತಿದ್ದ. ಪೇಟೆಯಲ್ಲಿ ಉಳಿದದ್ದು ನುಂಗುವ ನಿಯಮ. ಪಟ ಒಂದೇ ಆದರೂ ಮಕ್ಕಳು ಕಲಿಯುವ ಪಾಠ ಬೇರೆಯಾಯಿತು.

ಈ ಮಾತು ಕೇಳಿದಾಗ ನನಗೆ ನಮ್ಮದೇ ಆಸ್ತಿ ನೆನಪಾಯಿತು. ಈಗ ಮಕ್ಕಳು ಆಡುವ ಹಾವು-ಏಣಿ ಆಟ ಪರದೇಶದ್ದಲ್ಲ. ಜ್ಞಾನ ಚೌಪಡ, ಜ್ಞಾನಬಾಜಿ ಎಂಬ ಹೆಸರಿನಿಂದ ಗುಜರಾತ, ರಾಜಸ್ಥಾನದ ಕಡೆಯ ಜೈನರು ಬಟ್ಟೆಯ ಮೇಲೆ, ಕಾಗದದ ಮೇಲೆ ಇದನ್ನು ಬರೆಯಿಸಿ ಆಡುತ್ತಿದ್ದರು. ಜೈನ ಪಟಗಳಲ್ಲಿ 84 ಮನೆಗಳಿರುವುದು ರೂಢಿ. ವೈಷ್ಣವರ ಪಟದಲ್ಲಿ 72. ಒಂದೊಂದು ಮನೆಗೂ ಒಂದೊಂದು ಹೆಸರು. ದುರ್ಗುಣದ ಮನೆಯಲ್ಲಿ ಹಾವಿನ ಬಾಯಿ, ಸದ್ಗುಣದ ಮನೆಯಲ್ಲಿ ಏಣಿಯ ಬುಡ, ಎಲ್ಲಕ್ಕೂ ಮೇಲೆ ಸಿದ್ಧಶಿಲೆ. ಹಳೆಯ ಪಟಗಳಲ್ಲಿ ಸಾಮಾನ್ಯವಾಗಿ ಏಣಿಗಿಂತ ಹಾವುಗಳೇ ಹೆಚ್ಚು, ಏಕೆಂದರೆ ಏರುವುದು ಕಷ್ಟ, ಜಾರುವುದು ಸುಲಭ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ಆಟ ಇಂಗ್ಲೆಂಡಿಗೆ ಹೋಯಿತು. ಬರಬರುತ್ತ ಮನೆಗಳ ಹೆಸರುಗಳು ಅಳಿದು ಬರೀ ಅಂಕಿಗಳು ಉಳಿದವು.

ನಮ್ಮ ಹಿರಿಯರು ಕರ್ಮಸಿದ್ಧಾಂತವನ್ನು ಎಳೆಯ ಮಕ್ಕಳಿಗೆ ತಿಳಿಸಲು ಒಂದು ಆಟದ ನಿಯಮಗಳನ್ನು ರಚಿಸಿದ್ದರು. ಮೊಮ್ಮಗಳು ಕಲಿಯಬೇಕೆಂದದ್ದೂ ನಿಯಮ ರಚಿಸುವ ಇದೇ ಕಲೆ ಎಂದು ನನಗೆ ಆಗ ಅರ್ಥವಾಯಿತು.

ಶಾಂಘಾಯಿಯ ವಿದ್ಯಾರ್ಥಿ

ಈ ಶಿಕ್ಷಣದಿಂದ ಏನಾಗಬಹುದು ಎಂಬುದಕ್ಕೆ ಅವಳು ಜೆನೋವಾ ಚೆನ್ ಎಂಬವರ ವೃತ್ತಾಂತ ಹೇಳಿದಳು. ಇವರು ಚೀನಾದ ಶಾಂಘಾಯಿಯವರು. ಅಲ್ಲಿ ಕಂಪ್ಯೂಟರ್ ಪದವಿ ಮುಗಿಸಿ ಅಮೇರಿಕದ ಲಾಸ್ ಏಂಜಲೀಸ್‌ನಲ್ಲಿರುವ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಸ್ನಾತಕೋತ್ತರ ಶಿಕ್ಷಣಕ್ಕೆ ಹೋದರು. ಬಾಲ್ಯದಲ್ಲಿ ಅವರಿಗೆ ಉಬ್ಬಸವಿತ್ತು. 2005ರಲ್ಲಿ ಸಹಪಾಠಿಗಳ ಜೊತೆ ಅವರು ಮಾಡಿದ 'ಕ್ಲೌಡ್' ಎಂಬ ಆಟದಲ್ಲಿ, ಆಸ್ಪತ್ರೆಯಲ್ಲಿ ಮಲಗಿದ ಹುಡುಗನೊಬ್ಬ ಕನಸಿನಲ್ಲಿ ಆಕಾಶದಲ್ಲಿ ಹಾರುತ್ತ ಮೋಡಗಳನ್ನು ಕೂಡಿಸುತ್ತಾನೆ. ಅವರ ಪ್ರಬಂಧದ ವಿಷಯವೂ ವಿಚಾರಯೋಗ್ಯ. ಆಟ ತೀರ ಸುಲಭವಾದರೆ ಬೇಸರ, ತೀರ ಕಠಿಣವಾದರೆ ಅಂಜಿಕೆ. ಎರಡರ ನಡುವೆ ಆಡುವವನ ಮನಸ್ಸು ತಲ್ಲೀನವಾಗಿ ನಿಲ್ಲುವಂತೆ ಹೇಗೆ ಮಾಡಬೇಕು ಎಂಬುದು.

2006ರಲ್ಲಿ ಅವರು ಸಹಪಾಠಿ ಕೆಲೀ ಸ್ಯಾಂಟಿಯಾಗೊ ಜೊತೆ ಕಂಪನಿ ತೆರೆದರು. 2012ರಲ್ಲಿ ಆ ಕಂಪನಿಯಿಂದ 'ಜರ್ನಿ', ಅಂದರೆ ಪಯಣ ಎಂಬ ಆಟ ಬಂತು. ಮೊಮ್ಮಗಳು ಇದನ್ನು ನನಗೆ ತೋರಿಸಿದಳು. ಕೆಂಪು ನಿಲುವಂಗಿಯ ಯಾತ್ರಿಕನೊಬ್ಬ ಮರಳುಗಾಡಿನಲ್ಲಿ ನಡೆದು ದೂರದ ಪರ್ವತಕ್ಕೆ ಹೋಗಬೇಕು. ದಾರಿಯಲ್ಲಿ ಇನ್ನೊಬ್ಬ ಯಾತ್ರಿಕ ಸಿಗಬಹುದು. ಅವನು ಜಗತ್ತಿನ ಯಾವುದೋ ಮೂಲೆಯಲ್ಲಿ ಕುಳಿತು ಆಡುತ್ತಿರುವ ನಿಜವಾದ ಮನುಷ್ಯ. ಆಟ ಮುಗಿಯುವವರೆಗೆ ಅವನ ಹೆಸರು ತಿಳಿಯುವುದಿಲ್ಲ. ಇಬ್ಬರ ನಡುವೆ ಮಾತಿಲ್ಲ, ಒಂದು ಇಂಪಾದ ಧ್ವನಿ ಮಾತ್ರ.

ಆಟ ತಯಾರಾಗುವಾಗ ಒಂದು ಸಂಗತಿ ನಡೆಯಿತು. ಮೊದಲು ಇಬ್ಬರೂ ಒಬ್ಬರನ್ನೊಬ್ಬರು ತಳ್ಳಲು ಬರುವಂತೆ ಮಾಡಿದ್ದರು, ಸಹಾಯ ಮಾಡಲಿ ಎಂದು. ಆದರೆ ಆಡಿದವರು ಒಬ್ಬರನ್ನೊಬ್ಬರು ತಳ್ಳಿ ಅಪಾಯಕ್ಕೆ ಕೆಡವತೊಡಗಿದರು. ತಯಾರಕರು ಅವರಿಗೆ ಉಪದೇಶ ಮಾಡಲಿಲ್ಲ. ತಳ್ಳುವ ಶಕ್ತಿಯನ್ನೇ ತೆಗೆದುಹಾಕಿದರು. ಹತ್ತಿರ ಬಂದು ಸೋಕಿದರೆ ಇಬ್ಬರಿಗೂ ಬಲ ಬರುವಂತೆ ನಿಯಮ ಮಾಡಿದರು. ತಳ್ಳಾಡುತ್ತಿದ್ದವರು ಒಬ್ಬರಿಗೊಬ್ಬರು ಕಾದು ನಿಂತು ಜೊತೆಯಾಗಿ ನಡೆದರು. ಅರವತ್ತೆಂಟು ವರ್ಷದ ನಾನು ಹೆಬ್ಬೆರಳಿನಿಂದ ಆ ಯಾತ್ರಿಕನನ್ನು ನಡೆಸಲಾರದೆ ಮರಳಿನಲ್ಲಿ ನಿಂತುಕೊಂಡಿದ್ದಾಗ, ಯಾರೋ ಒಬ್ಬರು ಹಿಂದಿರುಗಿ ಬಂದು ನನ್ನ ಪಕ್ಕದಲ್ಲಿ ನಿಂತರು. ಯಾವ ದೇಶದವರೋ, ಎಷ್ಟು ವಯಸ್ಸಿನವರೋ. ಈ ಆಟದಲ್ಲಿ ಜೂಜೂ ಇರಲಿಲ್ಲ, ಬೇಟೆಯೂ ಇರಲಿಲ್ಲ.

ಎಲ್ಲಿ ಕಲಿಸುತ್ತಾರೆ?

ಕಂಪ್ಯೂಟರ್ ಆಟಗಳಿಗೆಂದೇ ಪದವಿ ಶಿಕ್ಷಣ ಮೊಟ್ಟಮೊದಲು ಆರಂಭವಾದದ್ದು 1997ರಲ್ಲಿ, ಸ್ಕಾಟ್‌ಲೆಂಡಿನ ಡಂಡಿ ಊರಿನ ಆಬರ್ಟೆ ವಿಶ್ವವಿದ್ಯಾಲಯದಲ್ಲಿ. ಡಂಡಿ ಎಂದರೆ ಸೆಣಬಿನ ಊರು. ಬಂಗಾಲದ ಸೆಣಬು ಆ ಊರಿನ ಗಿರಣಿಗಳಿಗೆ ಹೋಗುತ್ತಿತ್ತು. ಆ ಗಿರಣಿಗಳು ಮುಚ್ಚಿದವು. ಗಿರಣಿ ಮುಚ್ಚಿದ ಊರಿನ ಸಂಕಟವನ್ನು ಸೊಲ್ಲಾಪುರದವರಿಗೆ ಹೇಳಬೇಕಾಗಿಲ್ಲ. ಅಲ್ಲಿಯ ಟೈಮೆಕ್ಸ್ ಗಡಿಯಾರದ ಕಾರ್ಖಾನೆಯಲ್ಲಿ 1980ರ ದಶಕದಲ್ಲಿ ಸ್ಪೆಕ್ಟ್ರಮ್ ಎಂಬ ಅಗ್ಗದ ಮನೆ-ಕಂಪ್ಯೂಟರುಗಳನ್ನು ಜೋಡಿಸುತ್ತಿದ್ದರು. ಊರಿನ ಹುಡುಗರ ಕೈಗೆ ಅವು ಸಿಕ್ಕವು. ಅವರು ಆಟ ಬರೆಯುವುದನ್ನು ಕಲಿತು ಕಂಪನಿ ಕಟ್ಟಿದರು, ವಿಶ್ವವಿದ್ಯಾಲಯ ಅದಕ್ಕೆ ಬೆಂಬಲ ಕೊಟ್ಟಿತು. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಗಾಡಿ ಕದಿಯುವುದು, ಬಡಿದಾಟ, ಕೊಲೆಗಳಿಂದ ಕುಖ್ಯಾತವಾದ 'ಗ್ರ್ಯಾಂಡ್ ಥೆಫ್ಟ್ ಆಟೋ' ಎಂಬ ಆಟ ಹುಟ್ಟಿದ್ದೂ ಅದೇ ಊರಿನಲ್ಲಿ, ಅದೇ 1997ರಲ್ಲಿ.

ಅಮೇರಿಕದ ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1998ರಲ್ಲಿ ಒಂದು ಕೇಂದ್ರ ಆರಂಭವಾಯಿತು. ಅದನ್ನು ಕಟ್ಟಿದವರು ಕಂಪ್ಯೂಟರ್ ಪ್ರಾಧ್ಯಾಪಕ ರ‍್ಯಾಂಡಿ ಪಾಷ್ ಮತ್ತು ನಾಟಕದ ಪ್ರಾಧ್ಯಾಪಕ ಡಾನ್ ಮರಿನೆಲಿ. ಲೆಕ್ಕದವನೂ ನಾಟಕದವನೂ ಕೂಡಿ ಕಟ್ಟಿದ ಶಾಲೆ ಅದು. ಎರಡು ವರ್ಷದ ಸ್ನಾತಕೋತ್ತರ ಪದವಿ. ಅದರ ಹೆಸರಾದ ಪಾಠದಲ್ಲಿ ವಿದ್ಯಾರ್ಥಿಗಳು ಸಣ್ಣ ಸಣ್ಣ ತಂಡಗಳಾಗಿ ಎರಡು ವಾರಕ್ಕೊಂದು ಆಟ ಮಾಡಿ ತೋರಿಸಬೇಕು. ಪ್ರತಿ ಸಲ ತಂಡ ಬದಲು. ಅಭಿನಯದ ಪಾಠವೂ ಉಂಟು. ಹೊಂದಿಕೆಯಾಗದವರ ಜೊತೆಗೂ ಹೊಂದಿಕೊಂಡು ಕೆಲಸ ತೆಗೆಯುವುದನ್ನು ಹೀಗೆ ಕಲಿಸುತ್ತಾರೆ. ಕೂಡುಕುಟುಂಬದಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಈ ಪಾಠ ಅರ್ಧ ಮೊದಲೇ ಬಂದಿರುತ್ತದೆ.

ನಮ್ಮ ದೇಶದಲ್ಲಿ 1961ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ (ಎನ್.ಐ.ಡಿ.) ಬೆಂಗಳೂರಿನಲ್ಲೂ ಶಾಖೆ ಇದೆ. ಅಲ್ಲಿ 'ಡಿಜಿಟಲ್ ಗೇಮ್ ಡಿಸೈನ್' ವಿಷಯದಲ್ಲಿ ಎರಡೂವರೆ ವರ್ಷದ ಎಂ.ಡಿಸೈನ್ ಇದೆ. ನಮ್ಮ ಮೊಮ್ಮಗಳ ಮನಸ್ಸು ಇದರ ಮೇಲೆ. ಪ್ರವೇಶಕ್ಕೆ ಡಿ.ಎ.ಟಿ. ಎಂಬ ಪರೀಕ್ಷೆಯನ್ನು ಎರಡು ಹಂತಗಳಲ್ಲಿ ಬರೆಯಬೇಕು. ಕಂಪ್ಯೂಟರ್ ಓದಿದವರೇ ಆಗಬೇಕೆಂಬ ಕಟ್ಟಳೆ ಇಲ್ಲ. ಆದರೆ ಚಿತ್ರ ಬಿಡಿಸಿ ವಿಚಾರ ತೋರಿಸಲು ಬರಬೇಕು. ಐ.ಐ.ಟಿ.ಗಳ ಎಂ.ಡಿಸೈನ್ ಶಿಕ್ಷಣಕ್ಕೆ ಸೀಡ್ ಎಂಬ ಬೇರೆ ಪರೀಕ್ಷೆ ಇದೆ.

ಜೂಜು ಮತ್ತು ಬೇಟೆ

ಇಷ್ಟಾದರೂ ನನ್ನ ಎರಡು ಆಕ್ಷೇಪಣೆಗಳನ್ನು ನಾನು ಬಿಡಲಿಲ್ಲ. ಜೂಜಿನ ಮಾತಿಗೆ ಸರಕಾರವೇ ಉತ್ತರ ಕೊಟ್ಟಿದೆ. 2025ರ ಆಗಸ್ಟ್ ತಿಂಗಳಲ್ಲಿ ಸಂಸತ್ತು ಪಾಸು ಮಾಡಿದ ಕಾಯದೆಯು ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಉಳಿದ ಆಟಗಳನ್ನು ಬೇರೆಯಾಗಿ ಎಣಿಸಿತು.

ಬೇಟೆಯ ಮಾತು ಇಷ್ಟು ಸುಲಭವಲ್ಲ. "ಪರದೆಯ ಮೇಲೆ ಕೊಂದರೆ ಯಾರೂ ಸಾಯುವುದಿಲ್ಲವಲ್ಲ" ಎಂದು ಕೆಲವರು ಹೇಳುತ್ತಾರೆ. ಜನ್ನ ಕವಿಯ 'ಯಶೋಧರ ಚರಿತೆ'ಯನ್ನು ಕೇಳಿದ ನಮ್ಮವರು ಹಾಗೆ ಹೇಳಲಾರರು. ಯಶೋಧರ ಬಲಿ ಕೊಟ್ಟದ್ದು ಹಿಟ್ಟಿನ ಕೋಳಿ, ಜೀವದ ಕೋಳಿಯಲ್ಲ. ಆದರೂ ಕೊಲ್ಲುವ ಸಂಕಲ್ಪಕ್ಕಾಗಿ ತಾಯಿ-ಮಗ ಇಬ್ಬರೂ ಎಷ್ಟೋ ಜನ್ಮ ತೊಳಲಿದರು. ನಾನು ಇದನ್ನೇ ಮೊಮ್ಮಗಳಿಗೆ ಹೇಳಿದೆ.

ಅವಳು ತುಸು ಹೊತ್ತು ಸುಮ್ಮನಿದ್ದು ಹೇಳಿದಳು: "ಖರೆ ಅಜ್ಜಾ. ಆ ಕೋಳಿ ಮಾಡಿಕೊಟ್ಟವರ ಪಾಪಾನೂ ಸಣ್ಣದಲ್ಲ. ಅದಕ್ಕ ನಾ ಹಂತಾ ಆಟ ಮಾಡಂಗಿಲ್ಲ. ಆದ್ರ ಸುಳ್ಳ ಹೇಳಾಂಗಿಲ್ಲ. ಕಂಪನ್ಯಾಗ ಕೆಲಸಕ್ಕ ಸೇರಿದ್ರ ಮೊದಲನೇ ವರ್ಷ ನಾ ಏನ ಮಾಡಬೇಕು ಅನ್ನೋದು ನನ್ನ ಕೈಯಾಗ ಇರಂಗಿಲ್ಲ. ಬ್ಯಾಡ ಅಂದು ಆ ಕೆಲಸ ಬಿಡೋ ಧೈರ್ಯ ಇರಬೇಕು."

ಈ ಉತ್ತರ ನನಗೆ ಮೆಚ್ಚಿಕೆಯಾಯಿತು, ಏಕೆಂದರೆ ಇದು ವ್ಯಾಪಾರಿಯ ಉತ್ತರ. ನಮಗೂ ಇದೇ ಧರ್ಮಸಂಕಟವಿತ್ತು. ಶ್ರಾವಕನು ವಿಷದ ವ್ಯಾಪಾರ, ದಂತದ ವ್ಯಾಪಾರ ಮಾಡಬಾರದೆಂದು ಹಿರಿಯರು ಪಟ್ಟಿ ಮಾಡಿಟ್ಟರು. ಲಾಭ ಕಂಡರೂ ನಮ್ಮವರು ಬಿಟ್ಟರು. ಆದರೆ ಅದಕ್ಕಾಗಿ ವ್ಯಾಪಾರವನ್ನೇ ಬಿಡಲಿಲ್ಲ. ಹೊಸ ವೃತ್ತಿಗೂ ಅಂಥ ಪಟ್ಟಿ ಬೇಕು, ಅದನ್ನು ಮಾಡಲು ನಮ್ಮ ಮಕ್ಕಳು ಆ ವೃತ್ತಿಯ ಒಳಗಿರಬೇಕು.

ತಂದೆ-ತಾಯಿಗಳಿಗೆ ನಾಲ್ಕು ಮಾತು

1. ಮಗ ಅಥವಾ ಮಗಳು ಹಗಲಿರುಳು ಆಟ ಆಡುತ್ತಾರೆಂಬುದು ಈ ಶಿಕ್ಷಣಕ್ಕೆ ಯೋಗ್ಯತೆಯಲ್ಲ. "ನೀನೇ ಮಾಡಿದ ಒಂದು ಆಟ ತೋರಿಸು" ಎನ್ನಿರಿ, ರಟ್ಟಿನದಾದರೂ ಸರಿ. ತೋರಿಸಿದರೆ ಮುಂದಿನ ಮಾತು. ಸಂಸ್ಥೆಗಳೂ, ಕೆಲಸ ಕೊಡುವವರೂ ಅಂಕಪಟ್ಟಿಗಿಂತ ಮಾಡಿದ ಕೆಲಸದ ಸಂಗ್ರಹವನ್ನೇ ಹೆಚ್ಚು ನೋಡುತ್ತಾರೆ.

2. 'ಗೇಮಿಂಗ್ ಕೋರ್ಸ್' ಎಂದು ಫಲಕ ಹಾಕಿದ ಖಾಸಗಿ ತರಗತಿಗಳು ಊರೂರಿಗೆ ಎದ್ದಿವೆ. ಪದವಿ ಕೊಡುವವರು ಯಾರು, ಕಲಿಸುವವರು ತಾವೇ ಆಟ ಮಾಡಿದವರೇ, ಹಿಂದಿನ ವಿದ್ಯಾರ್ಥಿಗಳು ಏನು ಮಾಡಿದ್ದಾರೆ, ಈ ಮೂರನ್ನು ಕೇಳದೆ ಹಣ ಕಟ್ಟಬೇಡಿರಿ. ನಮ್ಮ ಪರಿಚಯದವರೊಬ್ಬರು ಕೇಳದೆ ಕಟ್ಟಿ ಕಳೆದುಕೊಂಡಿದ್ದಾರೆ.

3. ಪರದೇಶದ ಶಿಕ್ಷಣಕ್ಕೆ ಹತ್ತಾರು ಲಕ್ಷ ಬೇಕು. ಬಡ್ಡಿಯನ್ನು ಮೊದಲ ದಿನದಿಂದಲೇ ಲೆಕ್ಕ ಹಾಕಿರಿ. ಈ ಉದ್ಯೋಗದಲ್ಲಿ ಏರಿಳಿತ ಬಹಳ. 2023 ಮತ್ತು 2024ರಲ್ಲಿ ಜಗತ್ತಿನ ಹೆಸರಾಂತ ಕಂಪನಿಗಳೇ ಸಾವಿರಾರು ಜನರನ್ನು ಕೆಲಸದಿಂದ ತೆಗೆದವು. ಸಾಲ ಮಾಡಿ ಕಳಿಸುವ ಮುಂಚೆ ಇದನ್ನು ಮಕ್ಕಳಿಗೂ ತಿಳಿಸಿ ಹೇಳಿರಿ.

4. ಕಲಿತ ವಿದ್ಯೆ ಆಟಕ್ಕೆ ಮಾತ್ರ ಸೀಮಿತವಲ್ಲ. ಮಕ್ಕಳ ಪಾಠ, ವೈದ್ಯರ ತರಬೇತಿ, ವಸ್ತುಸಂಗ್ರಹಾಲಯ, ಇಂಥ ಕಡೆಗಳಲ್ಲೂ ಇದು ಬೇಕಾಗುತ್ತದೆ. ಕೆಲಸಕ್ಕೆ ಬೆಂಗಳೂರಿಗೇ ಹೋಗಬೇಕೆಂದೂ ಇಲ್ಲ. 2020ರಲ್ಲಿ ಹೊರಬಂದ 'ರಾಜಿ' ಎಂಬ ಭಾರತೀಯ ಆಟ ತಯಾರಾದದ್ದು ನಮ್ಮ ಪುಣೆಯಲ್ಲಿ.

ಕೊನೆಗೆ

ಒಂದು ರಾತ್ರಿ ಅಂಗಡಿಯ ಕದ ಅರ್ಧ ಎಳೆದು ಗಲ್ಲೆಯ ಹಣ ಎಣಿಸುತ್ತಿದ್ದೆ. ಮಗಳಿಗೆ ಪರೀಕ್ಷೆಗೆ ಚಿತ್ರ ಬಿಡಿಸಲು ಬರಬೇಕು, ಅವಳ ಕೈ ಇನ್ನೂ ಬಿಗಿಯಾಗಿದೆ ಎಂದು ಮಗ ಹೇಳಿದ. ಹೇಳಿದವನು ಹಳೆಯ ಬಿಲ್ ಪುಸ್ತಕದ ಹಿಂಬದಿಯಲ್ಲಿ ಎದುರಿಗಿದ್ದ ಥಾನುಗಳ ರಾಶಿಯನ್ನು, ಅದರ ಮೇಲೆ ಮಲಗಿದ್ದ ಗಜಕೋಲನ್ನು ಬಿಡಿಸಿ ಅವಳ ಮುಂದಿಟ್ಟ. ಇಪ್ಪತ್ತೇಳು ವರ್ಷದ ಮೇಲೆ ಹಿಡಿದ ಪೆನ್ಸಿಲು. ಗೆರೆ ತುಸು ನಡುಗಿತ್ತು, ಆದರೆ ಥಾನು ಥಾನಿನಂತೆಯೇ ಇತ್ತು. ನಾನು ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದೆ. "1998ರಾಗ ನಾ ತಪ್ಪು ಮಾಡಿದೆ" ಎಂದು ಅವತ್ತು ಅವನಿಗೆ ಹೇಳಿದೆ. "ಇರಲಿ ಬಿಡ್ರಿ ಅಪ್ಪಾ" ಎಂದ. ಅಂದಿನಿಂದ ಪರೀಕ್ಷೆಯವರೆಗೆ ದಿನಾಲು ರಾತ್ರಿ ಒಂದು ತಾಸು ತಂದೆ-ಮಗಳ ಚಿತ್ರದ ಪಾಠ ಅಂಗಡಿಯಲ್ಲಿ ನಡೆಯಿತು.

ಮೊದಲ ಹಂತದ ಪರೀಕ್ಷೆಗೆ ತಂದೆ-ಮಗಳು ಇಬ್ಬರೂ ರೈಲಿನಲ್ಲಿ ಹೋಗಿಬಂದರು. ಫಲ ಇನ್ನೂ ತಿಳಿದಿಲ್ಲ. ಪಾಸಾದರೆ ಕಳಿಸುತ್ತೇವೆ, ಆಗದಿದ್ದರೆ ಮುಂದಿನ ವರ್ಷ ಮತ್ತೆ ಬರೆಯಲಿ ಎಂದಿದ್ದೇವೆ. ಕೇಳಿ ಬಂದ ಸಂಬಂಧದವರಿಗೂ ಹಾಗೆಯೇ ತಿಳಿಸಿದ್ದೇವೆ. ಒಂದು ಮನೆಯವರು ಹಿಂದೆ ಸರಿದರು, ಇನ್ನೊಂದು ಮನೆಯವರು ಕಾಯುತ್ತೇವೆ ಎಂದರು.

ಈ ನಡುವೆ ಮೊಮ್ಮಗಳು ಒಂದು ಕೆಲಸ ಹಿಡಿದಿದ್ದಾಳೆ. ಹಳೆಯ 84 ಮನೆಗಳ ಪಟದ ಮಾದರಿಯಲ್ಲಿ, ಪ್ರತಿ ಮನೆಗೂ ಕನ್ನಡದಲ್ಲಿ ಹೆಸರು ಬರೆದು, ಕೋರಾ ಬಟ್ಟೆಯ ಮೇಲೆ ಹೊಸ ಪಟ ಮಾಡುತ್ತಿದ್ದಾಳೆ. ಚಿತ್ರ ಅವಳ ತಂದೆಯದು, ಬಟ್ಟೆ ನನ್ನ ಅಂಗಡಿಯದು. ನಮ್ಮ ಗಲ್ಲಿಯ ಮಕ್ಕಳು ಅದರ ಮೇಲೆ ಈಗಾಗಲೇ ಆಡಿ ನೋಡುತ್ತಿದ್ದಾರೆ. ಅವಳು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕುಳಿತು ಬರೆದುಕೊಳ್ಳುತ್ತಾಳೆ. ಓದುಗರ ಮನೆಗಳಲ್ಲಿ ಅಜ್ಜ-ಅಜ್ಜಿಯರ ಕಾಲದ ಇಂಥ ಪಟಗಳೇನಾದರೂ ಪೆಟ್ಟಿಗೆಯಲ್ಲಿ ಉಳಿದಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿರಿ. ಮೊದಲು ಮನೆಯ ಮಕ್ಕಳೊಂದಿಗೆ ಕುಳಿತು ಒಮ್ಮೆ ಆಡಿರಿ.

ಜೈ ಜಿನೇಂದ್ರ.